ಕೇಳಿ–ಹೇಳಿ: ನಾಝಲ್‌ನಲ್ಲಿ ನೀರು, ತಳದಲ್ಲಿ ಜೆಲ್

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಬಂದಿವೆ: ಹೃದಯ, ಸ್ನಾಯು, ನರಗಳ ಸಂಕೇತ ಹಿಡಿಯುವ ಎಲೆಕ್ಟ್ರೋಡ್‌ಗಳನ್ನು ವಿದ್ಯುತ್ ಹರಿಸುವ ಹೈಡ್ರೋಜೆಲ್‌ನಿಂದ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಅಚ್ಚು ಹಾಕುವುದು ಹೇಗೆ? ಬಹುತೇಕರು ಬಳಸುತ್ತಿರುವುದು ಪೆಡಾಟ್–ಪಿಎಸ್‌ಎಸ್ ಎಂಬ ಪಾಲಿಮರ್. ಆದ್ದರಿಂದ ಉತ್ತರಗಳೂ ಅದನ್ನೇ ಹಿಡಿದು ಸಾಗಿವೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ.

ಪ್ರಶ್ನೆ: ಪೆಡಾಟ್–ಪಿಎಸ್‌ಎಸ್‌ಗೆ ಡಿಬಿಎಸ್‌ಎ (ಮಾರ್ಜಕದಂಥ ಒಂದು ಆಮ್ಲ) ಬೆರೆಸಿ ಹೈಡ್ರೋಜೆಲ್ ಮಾಡಿಕೊಂಡೆ. ಅದಕ್ಕೆ ನೀರು ಹಾಕಿ ಚೆನ್ನಾಗಿ ಕಲಕಿ ಕಾರ್ಟ್ರಿಜ್‌ಗೆ ತುಂಬಿದರೆ 16 ನಾಝಲ್‌ಗಳಲ್ಲಿ ಎರಡೋ ಮೂರೋ ಮಾತ್ರ ಹನಿ ಬಿಡುತ್ತವೆ. ಅವೂ ಐದು ನಿಮಿಷಕ್ಕೆ ನಿಂತುಹೋಗುತ್ತವೆ. ಎರಡು ಕಾರ್ಟ್ರಿಜ್ ಹಾಳಾದವು. ತಪ್ಪು ಎಲ್ಲಿ?
— ಎಂ.ಟೆಕ್. ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಜೆಲ್ ಅನ್ನೇ ಅಚ್ಚು ಹಾಕಲು ಹೊರಟದ್ದು ತಪ್ಪು. ಜೆಲ್ ಎಂದರೆ ನೀರನ್ನು ಹಿಡಿದಿಟ್ಟ ಬಲೆ. ಕಲಕಿದರೆ ಬಲೆ ಚೂರುಚೂರಾಗುತ್ತದೆಯೇ ಹೊರತು ಮತ್ತೆ ದ್ರಾವಣವಾಗುವುದಿಲ್ಲ. ನಿಮ್ಮ ಕಾರ್ಟ್ರಿಜ್ 10 ಪಿಕೋಲೀಟರ್ ಹನಿಯದಾದರೆ ಅದರ ನಾಝಲ್ ಬಾಯಿ ಸುಮಾರು 21.5 ಮೈಕ್ರೋಮೀಟರ್, ಶಾಯಿಯಲ್ಲಿರುವ ಕಣ ಅದರ ನೂರನೇ ಒಂದು ಪಾಲು, ಎಂದರೆ 0.2 ಮೈಕ್ರೋಮೀಟರ್ ದಾಟಬಾರದು ಎಂಬುದು ರೂಢಿಯ ಲೆಕ್ಕ. ಜೆಲ್ ಚೂರುಗಳು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ನಾಝಲ್ ದಾಟುವವರೆಗೂ ಅದು ತೆಳು ದ್ರಾವಣವೇ ಆಗಿರಬೇಕು. ಜೆಲ್ ಆಗುವುದೆಲ್ಲ ಹನಿ ತಳಕ್ಕೆ ಬಿದ್ದ ಮೇಲೆ. ಡಿಬಿಎಸ್‌ಎ ಹೆಚ್ಚಾದರೆ ಪೆಡಾಟ್–ಪಿಎಸ್‌ಎಸ್ ಕೋಣೆಯ ಉಷ್ಣತೆಯಲ್ಲೇ ಜೆಲ್ ಆಗುತ್ತದೆ. ಸಿರಿಂಜ್‌ನಿಂದ ಹಿಂಡುವ ಕೆಲಸಕ್ಕೆ ಆ ಗುಣ ವರ, ಇಂಕ್‌ಜೆಟ್‌ಗೆ ಶಾಪ. ಅದನ್ನು ಶಾಯಿಯಿಂದ ತೆಗೆದುಬಿಡಿ.

ದ್ರಾವಣ ಹನಿಯಾಗುತ್ತದೋ ಇಲ್ಲವೋ ಎಂಬುದನ್ನು ಕಾರ್ಟ್ರಿಜ್ ಕೆಡಿಸದೆ ಕಾಗದದ ಮೇಲೇ ನೋಡಬಹುದು. ಮೇಲ್ಮೈ ಎಳೆತ, ಸಾಂದ್ರತೆ, ನಾಝಲ್ ವ್ಯಾಸ ಮೂರನ್ನೂ ಗುಣಿಸಿ, ವರ್ಗಮೂಲ ತೆಗೆದು, ಸ್ನಿಗ್ಧತೆಯಿಂದ ಭಾಗಿಸಿ. ಬಂದ ಸಂಖ್ಯೆಗೆ ಝಡ್ ಎನ್ನುತ್ತಾರೆ. ಅದು 1ರಿಂದ 10ರೊಳಗಿದ್ದರೆ ಹನಿ ಸರಿಯಾಗಿ ಕಡಿದು ಬೀಳುತ್ತದೆ. ಬರೀ ನೀರಿಗೆ ಝಡ್ ಸುಮಾರು 39: ಒಂದು ಹನಿಯ ಹಿಂದೆ ನಾಲ್ಕು ಮರಿಹನಿ. ಬಾಟಲಿಯಿಂದ ತೆಗೆದ ಪಿಎಚ್1000 ದರ್ಜೆಯ ಪೆಡಾಟ್–ಪಿಎಸ್‌ಎಸ್‌ನ ಸ್ನಿಗ್ಧತೆ ಸುಮಾರು 30 ಮಿಲಿಪ್ಯಾಸ್ಕಲ್-ಸೆಕೆಂಡ್ ಎಂದಿಟ್ಟುಕೊಳ್ಳಿ (ಬ್ಯಾಚ್‌ನಿಂದ ಬ್ಯಾಚ್‌ಗೆ 15ರಿಂದ 50ರವರೆಗೂ ಹೊಯ್ದಾಡುತ್ತದೆ). ಮೇಲ್ಮೈ ಎಳೆತವನ್ನು ಮೀಟರ್‌ಗೆ 30 ಮಿಲಿನ್ಯೂಟನ್‌ಗೆ ಇಳಿಸಿದರೆ ಝಡ್ 0.85: ಹನಿ ಬಾಲ ಎಳೆದುಕೊಂಡು ನಾಝಲ್‌ಗೇ ಜೋತುಬೀಳುತ್ತದೆ. ಸ್ನಿಗ್ಧತೆ 10ಕ್ಕೆ ಇಳಿದರೆ 2.5, 5ಕ್ಕೆ ಇಳಿದರೆ 5. ನಿಮ್ಮ ಗುರಿ ಸ್ನಿಗ್ಧತೆಯ ಈ 5–10ರ ಪಟ್ಟಿ. ಅಡುಗೆಮನೆಯ ಮಾತಲ್ಲಿ ಹೇಳುವುದಾದರೆ ಇಡ್ಲಿ ಹಿಟ್ಟಲ್ಲ, ನೀರ್ದೋಸೆ ಹಿಟ್ಟು.

ಸುಮಾರು 10 ಮಿ.ಲೀ. ಶಾಯಿಗೆ ಆರಂಭದ ಅಳತೆ ಹೀಗಿರಲಿ: ಪಿಎಚ್1000 6 ಮಿ.ಲೀ., ಡಿಅಯನೈಸ್ಡ್ ನೀರು 3.4 ಮಿ.ಲೀ., ಎಥಿಲಿನ್ ಗ್ಲೈಕಾಲ್ 0.5 ಮಿ.ಲೀ., ಟ್ರೈಟಾನ್ ಎಕ್ಸ್-100ರ ಶೇ. 10 ದ್ರಾವಣ 0.1 ಮಿ.ಲೀ., ಕೊನೆಯಲ್ಲಿ ಗಾಪ್ಸ್ 0.03 ಮಿ.ಲೀ. (ಪಾಲಿಮರ್ ಎಳೆಗಳನ್ನು ಒಂದಕ್ಕೊಂದು ಹೊಲಿಯುವ ಎಪಾಕ್ಸಿ ಸಿಲೇನ್ ಇದು.) ಗ್ಲೈಕಾಲ್ ಎರಡು ಕೆಲಸ ಮಾಡುತ್ತದೆ: ಪೆಡಾಟ್ ಎಳೆಗಳನ್ನು ಮರುಜೋಡಿಸಿ ವಾಹಕತೆ ಏರಿಸುತ್ತದೆ, ಜೊತೆಗೆ ತನ್ನ 197 ಡಿಗ್ರಿ ಕುದಿಬಿಂದುವಿನಿಂದ ನಾಝಲ್ ಬಾಯಿ ಬೇಗ ಒಣಗದಂತೆ ಕಾಯುತ್ತದೆ. ಟ್ರೈಟಾನ್ ಮೇಲ್ಮೈ ಎಳೆತ ತಗ್ಗಿಸುತ್ತದೆ.

ಪಿಎಚ್1000 ಬಾಟಲಿ ಫ್ರಿಜ್‌ನಲ್ಲಿರಲಿ, ಫ್ರೀಝರ್‌ನಲ್ಲಿ ಬೇಡ. ಒಮ್ಮೆ ಹೆಪ್ಪುಗಟ್ಟಿದರೆ ಕಣಗಳು ಗಂಟುಕಟ್ಟಿ ಮತ್ತೆ ಬಿಡುವುದಿಲ್ಲ. ಬಳಸುವ ಮುನ್ನ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ 10–15 ನಿಮಿಷ ಇಡಿ, ತೊಟ್ಟಿಯ ನೀರಿಗೆ ಮಂಜುಗಡ್ಡೆ ಹಾಕಿ. ಗಾಪ್ಸ್ ಬಿಟ್ಟು ಉಳಿದದ್ದನ್ನು ಬೆರೆಸಿ 0.45 ಮೈಕ್ರೋಮೀಟರ್ ಸಿರಿಂಜ್ ಫಿಲ್ಟರ್‌ನಲ್ಲಿ ಸೋಸಿ. ಫಿಲ್ಟರ್ ಬಿಗಿಯಾಯಿತೆಂದು ಬಲವಂತವಾಗಿ ಒತ್ತಬೇಡಿ, ಹೊಸದು ಹಾಕಿ. ಒತ್ತಿದರೆ ಗಂಟುಗಳೇ ಹಿಸುಕಿಕೊಂಡು ಆಚೆ ಬರುತ್ತವೆ. ಆಮೇಲೆ ಗಾಪ್ಸ್ ಹಾಕಿ ಕಲಕಿ, ಮತ್ತೊಮ್ಮೆ ಸೋಸಿ, ಕಾರ್ಟ್ರಿಜ್‌ಗೆ 1.5 ಮಿ.ಲೀ. ತುಂಬಿ, ಸೂಜಿ ಮೇಲ್ಮುಖವಾಗಿಟ್ಟು ಗಾಳಿಗುಳ್ಳೆ ತೆಗೆಯಿರಿ. ಗಾಪ್ಸ್ ಬೆರೆತ ಶಾಯಿ ಅದೇ ದಿನ ಮುಗಿಯಬೇಕು. ಪೆಡಾಟ್–ಪಿಎಸ್‌ಎಸ್‌ನ ಪಿಎಚ್ ಸುಮಾರು 2. ಆ ಆಮ್ಲದಲ್ಲಿ ಸಿಲೇನ್ ನಿಧಾನವಾಗಿ ತನ್ನಷ್ಟಕ್ಕೇ ಹೆಣೆದುಕೊಳ್ಳುತ್ತಾ ಹೋಗುತ್ತದೆ. ನಾಳೆಗಿಟ್ಟರೆ ನಾಝಲ್‌ನೊಳಗೇ ಹೊಲಿಗೆ ಬೀಳುತ್ತದೆ.

ಹನಿಯ ವೇಗ ಸೆಕೆಂಡಿಗೆ 5–8 ಮೀಟರ್ ಬರುವಂತೆ ವೋಲ್ಟೇಜ್ ಹೊಂದಿಸಿ. ಮೊದಲು 18 ವೋಲ್ಟ್, ಆಮೇಲೆ ಅರ್ಧರ್ಧ ವೋಲ್ಟ್ ಏರಿಸಿ. ಆರಂಭದಲ್ಲಿ 2–5 ಕಿಲೋಹರ್ಟ್ಸ್ ಸಾಕು. ಮರಿಹನಿ ಕಂಡರೆ ಮೊದಲು ವೋಲ್ಟೇಜ್ ಇಳಿಸಿ, ಶಾಯಿಯನ್ನು ದೂರಬೇಡಿ. ಎಲ್ಲ 16 ನಾಝಲ್ ಬೇಕೆಂಬ ಹಟವೂ ಬೇಡ. ನೇರವಾಗಿ, ಒಂದೇ ವೇಗದಲ್ಲಿ ಹನಿ ಬಿಡುವ ಅಕ್ಕಪಕ್ಕದ ಮೂರು ಸಿಕ್ಕರೆ ಸಾಕು. ಕೆಲಸ ಮುಗಿದ ಮೇಲೆ ನೀರಿನಿಂದಲೇ ತೊಳೆಯಿರಿ. ಐಸೊಪ್ರೊಪೈಲ್ ಆಲ್ಕೋಹಾಲ್ ನೇರವಾಗಿ ತಾಗಿದರೆ ಒಳಗೆ ಉಳಿದ ಪೆಡಾಟ್ ಮೊಸರಾಗುತ್ತದೆ. ಕಾರ್ಟ್ರಿಜ್ ಹೋಗುವುದು ಹೆಚ್ಚಾಗಿ ಈ ತೊಳೆಯುವ ಹೊತ್ತಿನಲ್ಲೇ.

ಪ್ರಶ್ನೆ: ಲಕ್ಷಗಟ್ಟಲೆ ಬೆಲೆಯ ಯಂತ್ರ ನಮ್ಮ ಕಾಲೇಜಿನಲ್ಲಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟರ್ ನಡೆಯುತ್ತದೆಯೇ ಸರ್?
— ಪದವಿ ಉಪನ್ಯಾಸಕರು, ಚಿತ್ರದುರ್ಗ

ಉತ್ತರ: ನಡೆಯುತ್ತದೆ, ಆದರೆ ಯಾವುದು ಎಂಬುದು ಮುಖ್ಯ. ಎಚ್‌ಪಿ, ಕ್ಯಾನನ್‌ನ ಮನೆಬಳಕೆಯ ಪ್ರಿಂಟರ್‌ಗಳು ಶಾಯಿಯನ್ನು ಕ್ಷಣಮಾತ್ರ ಕುದಿಸಿ, ಆ ಗುಳ್ಳೆಯ ಒತ್ತಡದಿಂದ ಹನಿ ತಳ್ಳುತ್ತವೆ. ಎಪ್ಸನ್‌ನವು ಪಿಯೆಝೋ ಹರಳಿನ ನಡುಕದಿಂದ ತಳ್ಳುತ್ತವೆ. ಕುದಿಸುವ ಬಗೆಯಲ್ಲಿ ಹೀಟರ್ ಮೇಲೆ ಪಾಲಿಮರ್ ಸುಟ್ಟು ಕರಿ ಕಟ್ಟುತ್ತದೆ, ಪಿಯೆಝೋ ಒಳ್ಳೆಯದು. ಪಿವಿಸಿ ಐಡಿ ಕಾರ್ಡ್ ಅಚ್ಚು ಹಾಕುವ ಅಂಗಡಿಗಳಲ್ಲಿ ಎಲ್805 ಥರದ, ಕಾರ್ಡ್ ಇಡುವ ಟ್ರೇ ಇರುವ ಎಪ್ಸನ್ ಯಂತ್ರ ನೋಡಿರುತ್ತೀರಿ. ನಿಮಗೆ ಬೇಕಾದದ್ದು ಅಂಥದ್ದೇ. ಉರುಳೆಗಳ ನಡುವೆ ಬಾಗದೆ ಹಾಳೆ ಚಪ್ಪಟೆಯಾಗಿ ಹೋಗುತ್ತದೆ, ಅದೇ ಟ್ರೇಯನ್ನು ಮತ್ತೆ ಒಳಗೆ ಬಿಟ್ಟು ಎರಡನೇ ಪದರ ಹಾಕಬಹುದು. ಆದರೆ ಪದರದಿಂದ ಪದರಕ್ಕೆ ಜಾಗ ಜರುಗುತ್ತದೆ. ಅದಕ್ಕೆ 1 ಮಿ.ಮೀ.ಗಿಂತ ದೊಡ್ಡ ಎಲೆಕ್ಟ್ರೋಡ್‌ಗಳಿಗೆ ಮಾತ್ರ ಇದನ್ನು ನೆಚ್ಚಿಕೊಳ್ಳಿ.

ಈ ನಾಝಲ್‌ಗಳು ಇನ್ನೂ ಸಣ್ಣವು, ಶಾಯಿ ಇನ್ನಷ್ಟು ತೆಳುವಾಗಿರಬೇಕು: ಸ್ನಿಗ್ಧತೆ 3–5. ಪಿಎಚ್1000 ಮತ್ತು ನೀರು ಅರ್ಧರ್ಧ ಹಾಕಿ. ಗಾಪ್ಸ್ ಬೇಡವೇ ಬೇಡ, ಇಲ್ಲಿ ಹೆಡ್ ಬದಲಿಸಲು ಪ್ರಿಂಟರ್‌ನಷ್ಟೇ ಖರ್ಚು. (ಆದರೆ ಹೊಲಿಗೆಯಿಲ್ಲದ ಈ ಪದರ ನೀರಲ್ಲಿ ನಿಲ್ಲದು.) ಹೊಸ ಯಂತ್ರಕ್ಕೆ ಮೊದಲ ದಿನದಿಂದಲೇ ಈ ಶಾಯಿ ಕೊಡಿ. ಬಣ್ಣದ ಶಾಯಿ ಹರಿದ ಕೊಳವೆಗೆ ಹಾಕಿದರೆ ಅದರೊಳಗಿನ ಲವಣಗಳಿಗೆ ಪೆಡಾಟ್ ಒಡೆಯುತ್ತದೆ. ಸೂಕ್ಷ್ಮ ಕೆಲಸಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರ ಹೊರಗಿನ ಕಾಲೇಜುಗಳ ಸಂಶೋಧಕರಿಗೂ ಸೌಲಭ್ಯ ಕೊಡುವ ಕಾರ್ಯಕ್ರಮ ನಡೆಸುತ್ತದೆ, ವಿಚಾರಿಸಿ.

ಪ್ರಶ್ನೆ: ಪಾಲಿಇಮೈಡ್ ಹಾಳೆಯ ಮೇಲೆ ಚಿನ್ನ, ಅದರ ಮೇಲೆ ಪೆಡಾಟ್–ಪಿಎಸ್‌ಎಸ್. ಒಣಗಿದಾಗ ನೋಡಲು ಚೆಂದ. ಸಲೈನ್‌ನಲ್ಲಿ ಇಟ್ಟ ಒಂದು ಗಂಟೆಗೆ ಹಪ್ಪಳದಂತೆ ಎದ್ದು ತೇಲುತ್ತದೆ.
— ಸಂಶೋಧನಾ ವಿದ್ಯಾರ್ಥಿ, ಮಣಿಪಾಲ

ಉತ್ತರ: ಸಾಬಕ್ಕಿ ನೆನೆದರೆ ಎಲ್ಲ ಕಡೆಗೂ ಉಬ್ಬುತ್ತದೆ. ತಳಕ್ಕೆ ಅಂಟಿದ ಜೆಲ್ ಹಾಗೆ ಉಬ್ಬಲಾರದು, ಮೇಲಕ್ಕೆ ಮಾತ್ರ ಜಾಗ. ಅಡ್ಡಡ್ಡ ಉಬ್ಬಲಾಗದ ಆ ಒತ್ತಡವೆಲ್ಲ ಅಂಟಿನ ಮೇಲೆ ಬೀಳುತ್ತದೆ, ಅದೂ ಅಂಚಿನಲ್ಲಿ ಹೆಚ್ಚು. ನಿಮ್ಮ ಪದರ ಅಂಚಿನಿಂದ ಎದ್ದಿತೋ ನಡುವಿನಿಂದಲೋ ನೋಡಿದಿರಾ? ಅಂಚಿನಿಂದಾದರೆ ಅಂಟು ಸಾಲದು. ನಡುವೆ ಗುಳ್ಳೆಯಾದರೆ ಕಾಯಿಸುವಾಗ ಒಳಗೆ ನೀರು ಸಿಕ್ಕಿಬಿದ್ದಿತ್ತು. ಎದ್ದು ತೇಲದೆ ನೀಲಿ ಬಣ್ಣ ನೀರಿಗೆ ಬಿಡುತ್ತಿದ್ದರೆ ಹೊಲಿಗೆಯೇ ಬಿದ್ದಿಲ್ಲ; ಪಿಎಸ್‌ಎಸ್ ನೀರಲ್ಲಿ ಕರಗುವ ವಸ್ತು, ಹೊಲಿಯದಿದ್ದರೆ ಪದರ ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ.

ನಿಮ್ಮದು ಮೊದಲನೆಯದೆಂದೇ ತೋರುತ್ತದೆ. ಗಾಪ್ಸ್‌ನ ಸಿಲೇನ್ ತುದಿ ಗಾಜನ್ನು, ಆಕ್ಸೈಡನ್ನು, ಪ್ಲಾಸ್ಮಾ (ವಿದ್ಯುತ್‌ನಿಂದ ಅಯಾನುಗೊಂಡ ಅನಿಲ) ತಾಗಿದ ಪಾಲಿಇಮೈಡನ್ನು ಹಿಡಿಯುತ್ತದೆ. ಚಿನ್ನವನ್ನು ಹಿಡಿಯುವುದಿಲ್ಲ, ಏಕೆಂದರೆ ಅಲ್ಲಿ ಆಕ್ಸೈಡೇ ಇಲ್ಲ. ಸುಲಭದ ಪರಿಹಾರ ಚಿತ್ರವನ್ನೇ ಬದಲಿಸುವುದು: ಜೆಲ್ ಚಿನ್ನದ ಅಂಚು ದಾಟಿ ಸುತ್ತಲೂ 50–100 ಮೈಕ್ರೋಮೀಟರ್ ಪಾಲಿಇಮೈಡ್ ಮೇಲೆ ಕೂರುವಂತೆ ಬರೆಯಿರಿ. ಒತ್ತಡ ಹೆಚ್ಚಿರುವ ಅಂಚು ಗಟ್ಟಿ ಹಿಡಿತದ ನೆಲದಲ್ಲಿರುತ್ತದೆ. ಅಷ್ಟು ಜಾಗವಿಲ್ಲದಿದ್ದರೆ ಮರ್ಕಾಪ್ಟೊ ಸಿಲೇನ್ ಹಚ್ಚಿ. ಅದರ ಗಂಧಕದ ತುದಿ ಚಿನ್ನಕ್ಕೆ, ಸಿಲೇನ್ ತುದಿ ಗಾಪ್ಸ್‌ಗೆ ಕೈ ಕೊಡುತ್ತದೆ. ಆದರೆ ಅದನ್ನು ಹಚ್ಚಿದ ಮೇಲೆ ಮತ್ತೆ ಪ್ಲಾಸ್ಮಾ ಕೊಟ್ಟರೆ ಹಚ್ಚಿದ್ದೆಲ್ಲ ಸುಟ್ಟುಹೋಗುತ್ತದೆ. ಪ್ಲಾಸ್ಮಾ ಮೊದಲು, ಸಿಲೇನ್ ಆಮೇಲೆ.

ಕ್ರಮ ಹೀಗೆ: ಅಸಿಟೋನ್, ಐಸೊಪ್ರೊಪೈಲ್ ಆಲ್ಕೋಹಾಲ್, ನೀರಿನಲ್ಲಿ ತೊಳೆದು ಒಣಗಿಸಿ. ಆಮ್ಲಜನಕದ ಪ್ಲಾಸ್ಮಾ 50 ವ್ಯಾಟ್‌ನಲ್ಲಿ 1–2 ನಿಮಿಷ ಕೊಡಿ, ಅರ್ಧ ಗಂಟೆಯೊಳಗೆ ಅಚ್ಚು ಹಾಕಿ. ಮೊದಲು 60 ಡಿಗ್ರಿಯಲ್ಲಿ 10 ನಿಮಿಷ ಒಣಗಿಸಿ, ಆಮೇಲೆ ನಿಧಾನವಾಗಿ 140ಕ್ಕೆ ಏರಿಸಿ ಒಂದು ಗಂಟೆ ಬಿಡಿ. ನೇರ 140ರ ಹಾಟ್‌ಪ್ಲೇಟ್ ಮೇಲಿಟ್ಟರೆ ಮೇಲೆ ಕೆನೆ ಕಟ್ಟಿ ಒಳಗೆ ಗುಳ್ಳೆ ಉಳಿಯುತ್ತದೆ. (ಪಿಇಟಿ ಹಾಳೆ ಈ ಶಾಖ ತಡೆಯದು, ಮುದುರುತ್ತದೆ. ಪಾಲಿಇಮೈಡ್ ಆರಿಸಿಕೊಂಡಿದ್ದೀರಿ, ಒಳ್ಳೆಯದಾಯಿತು.) ತಣಿದ ಮೇಲೆ ಡಿಅಯನೈಸ್ಡ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ನೀರನ್ನು ಮೂರು ಸಲ ಬದಲಿಸಿ. ಉಳಿದ ಗ್ಲೈಕಾಲ್, ಟ್ರೈಟಾನ್, ಹೊಲಿಗೆಗೆ ಸಿಗದ ಪಿಎಸ್‌ಎಸ್ ಎಲ್ಲ ಹೋಗುತ್ತವೆ. ಎದ್ದು ಬರುವುದಿದ್ದರೆ ಇಲ್ಲೇ ಬರಲಿ.

ಅಂಟು ಸಾಲದೆಂದು ಗಾಪ್ಸ್ ಸುರಿಯುವ ಆಸೆಯಾಗುತ್ತದೆ. ಮೇಲಿನ ಅಳತೆಯಲ್ಲಿ ಪಾಲಿಮರ್ ತೂಕ ಶೇ. 0.7ರ ಆಸುಪಾಸು, ಗಾಪ್ಸ್ ಶೇ. 0.3. ಹಲವು ಪಾಕಗಳಲ್ಲಿ ಕಾಣುವ ಶೇ. 1 ಹಾಕಿದರೆ ಪಾಲಿಮರ್‌ಗಿಂತ ಅಂಟೇ ಹೆಚ್ಚು. ಪದರ ಕದಲುವುದಿಲ್ಲ ನಿಜ. ಉಬ್ಬುವುದೂ ಇಲ್ಲ, ಮೆತ್ತಗಾಗುವುದೂ ಇಲ್ಲ, ವಾಹಕತೆಯೂ ಬೀಳುತ್ತದೆ. ಒಣ ಪೆಡಾಟ್–ಪಿಎಸ್‌ಎಸ್ ಗಿಗಾಪ್ಯಾಸ್ಕಲ್ ಮಟ್ಟದ ಗಡಸು, ಮಿದುಳಿನ ಅಂಗಾಂಶ ಕಿಲೋಪ್ಯಾಸ್ಕಲ್ ಮಟ್ಟದ್ದು. ಆ ಅಂತರ ತಗ್ಗಿಸಲೆಂದೇ ಹೈಡ್ರೋಜೆಲ್ ಹಿಡಿದದ್ದು. ಉಬ್ಬದ ಜೆಲ್ ಬರೀ ಪ್ಲಾಸ್ಟಿಕ್.

ಪ್ರಶ್ನೆ: ಹತ್ತು ಪದರ ಹಾಕಿದ ಮೇಲೆ 1 ಕಿಲೋಹರ್ಟ್ಸ್‌ನಲ್ಲಿ ಇಂಪೀಡೆನ್ಸ್ (ಪರ್ಯಾಯ ಪ್ರವಾಹಕ್ಕೆ ಒಡ್ಡುವ ಅಡ್ಡಿ) ಇಳಿಯುವುದೇ ನಿಂತಿದೆ. 100 ಮೈಕ್ರೋಮೀಟರ್ ವ್ಯಾಸದ ಎಲೆಕ್ಟ್ರೋಡ್. ಇಪ್ಪತ್ತು ಪದರಕ್ಕೂ ಅಷ್ಟೇ. ಶಾಯಿ ಹಳಸಿದೆಯೇ?
— ಎಲೆಕ್ಟ್ರಾನಿಕ್ಸ್ ಎಂಜಿನಿಯರ್, ಮೈಸೂರು

ಉತ್ತರ: ಶಾಯಿ ಚೆನ್ನಾಗಿಯೇ ಇದೆ. ನೀವು ಅಳೆಯುತ್ತಿರುವುದು ಈಗ ಜೆಲ್ ಅನ್ನಲ್ಲ, ಸಲೈನ್ ಅನ್ನು.

10 ಪಿಕೋಲೀಟರ್ ಹನಿಯನ್ನು 25 ಮೈಕ್ರೋಮೀಟರ್ ಅಂತರದಲ್ಲಿ ಇಟ್ಟರೆ ಒದ್ದೆ ಪದರ 16 ಮೈಕ್ರೋಮೀಟರ್. ಅದರಲ್ಲಿ ಪಾಲಿಮರ್ ಶೇ. 0.7, ಒಣಗಿದ ಮೇಲೆ ಉಳಿಯುವುದು 0.11 ಮೈಕ್ರೋಮೀಟರ್, ಗಾಪ್ಸ್ ಸೇರಿದರೆ ಸ್ವಲ್ಪ ಹೆಚ್ಚು. ಹತ್ತು ಪದರಕ್ಕೆ ಸುಮಾರು 1 ಮೈಕ್ರೋಮೀಟರ್. ಪೆಡಾಟ್–ಪಿಎಸ್‌ಎಸ್ ಮೇಲ್ಮೈಯಲ್ಲಿ ಮಾತ್ರವಲ್ಲದೆ ತನ್ನ ಇಡೀ ಗಾತ್ರದಲ್ಲಿ ಅಯಾನುಗಳನ್ನು ಹೀರಿಕೊಳ್ಳುತ್ತದೆ, ಘನ ಸೆಂಟಿಮೀಟರಿಗೆ ಸುಮಾರು 40 ಫ್ಯಾರಡ್. ನಿಮ್ಮ ಎಲೆಕ್ಟ್ರೋಡ್‌ಗೆ ಅದು 0.3 ಮೈಕ್ರೋಫ್ಯಾರಡ್ ಆಯಿತು; 1 ಕಿಲೋಹರ್ಟ್ಸ್‌ನಲ್ಲಿ ಅದರ ಅಡ್ಡಿ ಬರೀ 500 ಓಮ್. ಆದರೆ 100 ಮೈಕ್ರೋಮೀಟರ್ ಬಿಲ್ಲೆಯಿಂದ ಸಲೈನ್‌ಗೆ ಹರಡಿಕೊಳ್ಳುವಾಗ ಪ್ರವಾಹಕ್ಕೆ ಸಲೈನೇ ಒಡ್ಡುವ ರೋಧ ಸುಮಾರು 3,000 ಓಮ್. ಅದು ಬಿಲ್ಲೆಯ ಅಳತೆಗೆ ಕಟ್ಟುಬಿದ್ದದ್ದು, ಪದರ ಏರಿಸಿದರೆ ಇಳಿಯದು. ಬರೀ ಚಿನ್ನವಾಗಿದ್ದರೆ ಇದೇ ಅಳತೆಗೆ ಲಕ್ಷ ಓಮ್ ಆಸುಪಾಸು ಬರುತ್ತಿತ್ತು. ಲಕ್ಷದಿಂದ ಮೂರ್ನಾಲ್ಕು ಸಾವಿರಕ್ಕೆ ಇಳಿಸಿದ್ದೀರಿ, ಇನ್ನು ಇಳಿಸಲು ಅಲ್ಲಿ ಏನೂ ಉಳಿದಿಲ್ಲ.

ಹೆಚ್ಚು ಪದರದ ಲಾಭ ಕೆಳಗಿನ ಆವರ್ತನಗಳಲ್ಲಿದೆ. 1ರಿಂದ 10 ಹರ್ಟ್ಸ್ ನೋಡಿ, ಇಪ್ಪತ್ತು ಪದರ ಅಲ್ಲಿ ಅರ್ಧಕ್ಕರ್ಧ ಕಡಿಮೆ ತೋರಿಸಬೇಕು. ತೋರಿಸದಿದ್ದರೆ ಆಗ ಶಾಯಿಯನ್ನು ಅನುಮಾನಿಸಿ. ನರವನ್ನು ಉತ್ತೇಜಿಸುವುದಾದರೂ ದಪ್ಪ ಪದರ ಬೇಕು, ಹೆಚ್ಚು ವಿದ್ಯುದಾವೇಶ ಸುರಕ್ಷಿತವಾಗಿ ಕೊಡಬಹುದು. ಬರೀ ನರದ ಮಿಡಿತ ದಾಖಲಿಸುವುದಾದರೆ ಐದು ಪದರಕ್ಕೆ ನಿಲ್ಲಿಸಿ. ಪದರ ದಪ್ಪವಾದಷ್ಟೂ ಎದ್ದು ಬರುವ ಭಯ ಹೆಚ್ಚು.

ಅಳೆಯುವಾಗ ಬೆಳ್ಳಿ–ಬೆಳ್ಳಿ ಕ್ಲೋರೈಡ್ ರೆಫರೆನ್ಸ್, ದೊಡ್ಡ ಪ್ಲಾಟಿನಂ ತಂತಿ, 10 ಮಿಲಿವೋಲ್ಟ್ ಸಂಕೇತ ಇರಲಿ. ಸಲೈನ್‌ನಲ್ಲಿ ಅರ್ಧ ಗಂಟೆ ನೆನೆದ ಮೇಲೆಯೇ ಶುರುಮಾಡಿ. ಮಲ್ಟಿಮೀಟರ್ ಮುಳ್ಳು ಜೆಲ್‌ಗೆ ಚುಚ್ಚಿ ಓದಿದ ಓಮ್‌ಗೆ ಅರ್ಥವಿಲ್ಲ.

ಪ್ರಶ್ನೆ: ಹನಿ ಒಣಗಿದರೆ ಅಂಚಿನಲ್ಲಿ ಕಡುನೀಲಿ ಉಂಗುರ, ನಡುವೆ ಬೋಳು.
— ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಲೋಟದ ಕೆಳಗೆ ಚೆಲ್ಲಿದ ಕಾಫಿ ಒಣಗಿದಾಗ ಬೀಳುವ ಉಂಗುರವೇ ಇದು. ಅಂಚು ಬೇಗ ಒಣಗುತ್ತದೆ, ಆ ಕೊರತೆ ತುಂಬಲು ನಡುವಿನ ದ್ರವ ಕಣಗಳನ್ನು ಹೊತ್ತು ಅಂಚಿಗೆ ಓಡುತ್ತದೆ. ತಳವನ್ನು ಬಿಸಿ ಮಾಡಿದ್ದರೆ ಮೊದಲು ಅದನ್ನು ಆರಿಸಿ, 30 ಡಿಗ್ರಿ ಸಾಕು. ಗ್ಲೈಕಾಲನ್ನು ಶೇ. 5ರಿಂದ 10ಕ್ಕೆ ಏರಿಸಿ. ಹನಿಗಳ ಅಂತರವನ್ನೂ ನೋಡಿಕೊಳ್ಳಿ: ಹಾರುವ 10 ಪಿಕೋಲೀಟರ್ ಹನಿಯ ವ್ಯಾಸ 27 ಮೈಕ್ರೋಮೀಟರ್, ಬಿದ್ದ ಮೇಲೆ 40–60. ಅಂತರ ಅದರ ಅರ್ಧದಷ್ಟಿದ್ದರೆ ಹನಿಗಳು ಕೂಡಿ ಒಂದೇ ಹಾಳೆಯಾಗುತ್ತವೆ. ಹೆಚ್ಚಾದರೆ ರಂಗೋಲಿ ಚುಕ್ಕಿ, ತೀರಾ ಕಡಿಮೆಯಾದರೆ ಗೆರೆ ಅಲ್ಲಲ್ಲಿ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ.

ಪ್ರಶ್ನೆ: ಆಲ್ಜಿನೇಟ್ (ಕಡಲಕಳೆಯಿಂದ ತೆಗೆದ ಅಂಟು) ಜೆಲ್‌ಗೆ ಪೆಡಾಟ್ ಬೆರೆಸಿ, ಕ್ಯಾಲ್ಸಿಯಂನಿಂದ ಗಟ್ಟಿ ಮಾಡುವ ಯೋಚನೆಯಿದೆ. 140 ಡಿಗ್ರಿಯ ಗೋಜೇ ಇರುವುದಿಲ್ಲವಲ್ಲ?
— ಬಯೋಟೆಕ್ ವಿದ್ಯಾರ್ಥಿನಿ, ತುಮಕೂರು

ಉತ್ತರ: ಇರುವುದಿಲ್ಲ, ಜೀವಕೋಶಗಳನ್ನೂ ಜೊತೆಗೆ ಕೂರಿಸಬಹುದು. ಆದರೆ ಕ್ಯಾಲ್ಸಿಯಂ ಮತ್ತು ಪೆಡಾಟ್–ಪಿಎಸ್‌ಎಸ್ ನಾಝಲ್‌ಗೆ ಮುಂಚೆ ಭೇಟಿಯಾಗಕೂಡದು, ತಕ್ಷಣ ಗಂಟು. ಎರಡು ಕಾರ್ಟ್ರಿಜ್ ಬೇಕು: ಒಂದರಲ್ಲಿ ಶೇ. 0.5 ಸೋಡಿಯಂ ಆಲ್ಜಿನೇಟ್ ಬೆರೆತ ಪೆಡಾಟ್ ಶಾಯಿ, ಇನ್ನೊಂದರಲ್ಲಿ 0.1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ (ಡೈಹೈಡ್ರೇಟ್ ಆದರೆ 100 ಮಿ.ಲೀ.ಗೆ 1.47 ಗ್ರಾಂ). ಆಲ್ಜಿನೇಟನ್ನು ಮೊದಲು ನೀರಲ್ಲಿ ಪೂರ್ತಿ ಕರಗಿಸಿ, ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 6ರಷ್ಟಕ್ಕೆ ತಂದ ಪೆಡಾಟ್‌ಗೆ ಸೇರಿಸಿ. ಪಿಎಚ್ 2ರಲ್ಲಿ ಆಲ್ಜಿನೇಟ್ ತಾನೇ ಆಮ್ಲವಾಗಿ ಗಡ್ಡೆಕಟ್ಟುತ್ತದೆ. ಒಂದು ಪದರ ಶಾಯಿ, ಒಂದು ಪದರ ಕ್ಯಾಲ್ಸಿಯಂ, ಹೀಗೆ ಸರದಿಯಲ್ಲಿ ಹಾಕಿ.

ಆಮೇಲೆ ಅದನ್ನು ಫಾಸ್ಫೇಟ್ ಬಫರ್‌ನಲ್ಲಿ ಇಡಬೇಡಿ. ಫಾಸ್ಫೇಟ್ ಕ್ಯಾಲ್ಸಿಯಂ ಅನ್ನು ಕಸಿಯುತ್ತದೆ, ಸೋಡಿಯಂ ಅದರ ಜಾಗಕ್ಕೆ ನುಗ್ಗುತ್ತದೆ, ಜೆಲ್ ಅಂಬಲಿಯಾಗುತ್ತದೆ. ಹೆಪೆಸ್ ಬಫರ್‌ಗೆ 2 ಮಿಲಿಮೋಲಾರ್ ಕ್ಯಾಲ್ಸಿಯಂ ಸೇರಿಸಿ ಬಳಸಿ. ವಾಹಕತೆ ಶುದ್ಧ ಪೆಡಾಟ್–ಪಿಎಸ್‌ಎಸ್‌ನದಕ್ಕಿಂತ ಬಹಳ ಕಡಿಮೆ ಬರುತ್ತದೆ, ಗ್ಲೈಕಾಲ್ ಹಾಕಿದರೂ.

ಪ್ರಶ್ನೆ: ಬೆಳ್ಳಿ ಶಾಯಿಯಲ್ಲಿ ತಂತಿಗೆರೆ ಎಳೆದು ತುದಿಗೆ ಜೆಲ್ ಹಾಕಿದರೆ ಎರಡೇ ದಿನಕ್ಕೆ ಗೆರೆ ಕಪ್ಪಾಗುತ್ತದೆ.
— ಹವ್ಯಾಸಿ, ಬೆಳಗಾವಿ

ಉತ್ತರ: ಪಿಎಚ್ 2ರ ಆಮ್ಲ ಒಂದು ಕಡೆ, ಸಲೈನ್‌ನ ಕ್ಲೋರೈಡ್ ಇನ್ನೊಂದು ಕಡೆ, ಬೆಳ್ಳಿ ತಡೆಯುವುದಿಲ್ಲ. ಜೊತೆಗೆ ಬಿಡುಗಡೆಯಾಗುವ ಬೆಳ್ಳಿ ಅಯಾನು ಜೀವಕೋಶಗಳಿಗೆ ವಿಷ. ಜೆಲ್ ತಾಗುವ ಜಾಗ ಚಿನ್ನ ಅಥವಾ ಕಾರ್ಬನ್ ಇರಲಿ. ಬೆಳ್ಳಿ ಬೇಕೇಬೇಕೆಂದರೆ ಅದು ಜೆಲ್‌ನಿಂದ ದೂರ, ಸಿಲಿಕೋನ್ ಹೊದಿಕೆಯ ಕೆಳಗೆ ಇರಲಿ.

ಪ್ರಶ್ನೆ: ಇದನ್ನು ರೋಗಿಯ ಎದೆಗೆ ಹಚ್ಚಿ ಇಸಿಜಿ ತೆಗೆದು ನೋಡಬಹುದೇ? ಈಗಿನ ಬಿಸಾಡುವ ಎಲೆಕ್ಟ್ರೋಡ್‌ನಲ್ಲೂ ಜೆಲ್ ಇದೆಯಲ್ಲ, ವ್ಯತ್ಯಾಸವೇನು?
— ಸ್ಟಾಫ್ ನರ್ಸ್, ಕಲಬುರಗಿ

ಉತ್ತರ: ಬಿಸಾಡುವ ಎಲೆಕ್ಟ್ರೋಡ್‌ನ ಜೆಲ್ ಉಪ್ಪುನೀರಿನ ಜೆಲ್, ಅದರಲ್ಲಿ ಅಯಾನುಗಳು ಮಾತ್ರ ಓಡುತ್ತವೆ, ಸಂಕೇತವನ್ನು ಎಲೆಕ್ಟ್ರಾನ್‌ಗೆ ಬದಲಿಸುವುದು ಕೆಳಗಿನ ಬೆಳ್ಳಿ ಗುಂಡಿ. ಪೆಡಾಟ್ ಜೆಲ್‌ನಲ್ಲಿ ಎರಡೂ ಓಡುತ್ತವೆ, ಬದಲಾವಣೆ ಜೆಲ್‌ನೊಳಗೇ ಆಗುತ್ತದೆ. ಹತ್ತು ನಿಮಿಷದ ಇಸಿಜಿಗೆ ಇದರಿಂದ ನಿಮಗೇನೂ ಲಾಭವಿಲ್ಲ, ಇರುವುದೇ ಅಗ್ಗ, ಇರುವುದೇ ಚೆನ್ನ. ಇದರ ಜಾಗ ಬಹಳ ಸಣ್ಣ ಎಲೆಕ್ಟ್ರೋಡ್‌ಗಳಲ್ಲಿ ಮತ್ತು ಮಿದುಳು, ನರಗಳ ಮೇಲೆ ಕೂರಿಸುವ ಸಾಧನಗಳಲ್ಲಿ.

ರೋಗಿಗೆ ಹಚ್ಚುವುದು ಈಗ ಬೇಡ. ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ, ಐಎಸ್‌ಒ 10993 ಪ್ರಕಾರ ಜೀವಕೋಶ ಮತ್ತು ಚರ್ಮದ ಪರೀಕ್ಷೆ ಆಗದೆ ಯಾರ ಮೈಗೂ ತಾಗಿಸುವಂತಿಲ್ಲ. ಸಾಧನವಾಗಿ ಮಾರುವುದಾದರೆ 2017ರ ವೈದ್ಯಕೀಯ ಸಾಧನಗಳ ನಿಯಮಗಳು ಅನ್ವಯಿಸುತ್ತವೆ. ತೊಳೆಯದ ಪದರದಲ್ಲಿ ಉಳಿದ ಟ್ರೈಟಾನ್ ಜೀವಕೋಶದ ಪೊರೆಯನ್ನೇ ಕರಗಿಸುವ ಮಾರ್ಜಕ ಎಂಬುದು ನೆನಪಿರಲಿ. ಮೂರು ಸಲ ನೀರು ಬದಲಿಸಿ ಎಂದು ಮೇಲೆ ಹೇಳಿದ್ದು ಅದಕ್ಕಾಗಿಯೂ ಹೌದು. ಪ್ರಯೋಗಾಲಯದಲ್ಲಿ ಕ್ರಿಮಿಶುದ್ಧಿಗೆ ಗಾಪ್ಸ್‌ನಿಂದ ಹೊಲಿದ ಪದರ 121 ಡಿಗ್ರಿಯ ಆಟೋಕ್ಲೇವ್ ತಡೆಯುತ್ತದೆ. ಆಲ್ಜಿನೇಟ್‌ನದ್ದು ತಡೆಯುವುದಿಲ್ಲ, ಅದಕ್ಕೆ ಶಾಯಿಯನ್ನೇ 0.22 ಮೈಕ್ರೋಮೀಟರ್‌ನಲ್ಲಿ ಸೋಸಿ, ಶುದ್ಧ ಹುಡ್‌ನೊಳಗೆ ಅಚ್ಚು ಹಾಕಿ. ಶೇ. 70 ಸ್ಪಿರಿಟ್‌ನಲ್ಲಿ ಅದ್ದಿದರೆ ಎರಡೂ ಜೆಲ್‌ಗಳ ನೀರು ಹೊರಬಂದು ಮುದುಡುತ್ತವೆ, ಅಂಚು ಏಳುವುದು ಅಲ್ಲಿಂದಲೇ ಶುರು.